ಲಾಲ್‌ಬಾಗಿನ ಜರ್ಮನ್ ತೋಟಗಾರ, ಬೆಂಗಳೂರಿನ ಸೇಬು ಮತ್ತು ‘ಹೊರಗಿನವರು’

ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ದೊಡ್ಡಬಳ್ಳಾಪುರದ ಹತ್ತಿರವಿರುವ ನಮ್ಮ 30 ಗುಂಟೆ ಜಮೀನಿನಲ್ಲಿ ಆರು ಸೇಬಿನ ಸಸಿ ನೆಟ್ಟೆ. ಎರಡು ಇಸ್ರೇಲಿನ ‘ಅನ್ನಾ’, ಎರಡು ಬಹಾಮಾಸ್ ದ್ವೀಪದಲ್ಲಿ ಹುಟ್ಟಿದ ‘ಡಾರ್ಸೆಟ್ ಗೋಲ್ಡನ್’, ಇನ್ನೆರಡು ಹಿಮಾಚಲದ ಬಿಸಿಲು ಸೀಮೆಯಿಂದ ಬಂದ ‘ಎಚ್‌ಆರ್‌ಎಂಎನ್-99’. ನೋಡೋಕೆ ಒಣಗಿದ ಕಡ್ಡಿಗಳ ಹಾಗಿದ್ದವು. ಎಲೆ ಇಲ್ಲ, ಮಣ್ಣೂ ಇಲ್ಲ, ಬೇರಿಗೆ ಒದ್ದೆ ಪಾಚಿ ಸುತ್ತಿ ಕಳಿಸಿದ್ದರು.

ಗುಂಡಿ ತೋಡುವಾಗ ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪ ನಗ್ತಾ ಇದ್ದರು. ಇದೇನು ಕಾಶ್ಮೀರನಾ ಅಂತ ಕೇಳಿದರು. ಈ ಮಣ್ಣಿಗೆ ಸೇರದ ಗಿಡ ತಂದು ಹಾಕೋ ಬದಲು ಜಮೀನನ್ನ ಲೇಔಟಿನವರಿಗೆ ಕೊಟ್ಟರೆ ಇಡೀ ಮನೆ ನೆಮ್ಮದಿಯಾಗಿರುತ್ತೆ ಅನ್ನೋದು ಅವರ ವಾದ. ಅಪ್ಪ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಅರ್ಧ ಒಪ್ಪಿದ್ದಾರೆ ಅಂತಲೇ ನಮ್ಮನೆ ಲೆಕ್ಕ.

ಅದೇ ವಾರ ನನ್ನ ಮೊಬೈಲಿನ ತುಂಬ ಇನ್ನೊಂದು ಜಗಳ ನಡೀತಿತ್ತು. ನಿಮಗೂ ಗೊತ್ತಿರುವ ಜಗಳವೇ. ಬೆಂಗಳೂರು ಯಾರದ್ದು, ಹೊರಗಿನಿಂದ ಬಂದವರಿಂದ ಊರು ಹಾಳಾಯ್ತೋ, ಅವರಿಂದಲೇ ಊರು ಬೆಳೀತೋ. ಎರಡೂ ಕಡೆಯವರ ಪೋಸ್ಟ್‌ಗಳನ್ನ ಓದಿ ಸುಸ್ತಾಗಿದ್ದೆ. ಈ ಮಣ್ಣಿಗೆ ಸೇರದ್ದು ಅನ್ನೋ ಚಿಕ್ಕಪ್ಪನ ಮಾತು ತಲೆಯಲ್ಲಿ ಉಳೀತು. ನಿಜಕ್ಕೂ ಬೆಂಗಳೂರಿನ ಮಣ್ಣು ಸೇಬನ್ನ ಕಂಡೇ ಇಲ್ವಾ ಅಂತ ಹುಡುಕುತ್ತಾ ಹೋದೆ.

ಸಿಕ್ಕಿದ್ದು 1943ರ ಒಂದು ಲೇಖನದ ಹೆಸರು. ಭಾರತದ ತೋಟಗಾರಿಕಾ ವಿಜ್ಞಾನದ ಪತ್ರಿಕೆಯೊಂದರ ಮೊದಲ ಸಂಪುಟದಲ್ಲೇ ಅದು ಅಚ್ಚಾಗಿದೆ. ವಿಷಯ, ಬೆಂಗಳೂರಿನಲ್ಲಿ ಸೇಬಿಗೆ ವರ್ಷಕ್ಕೆ ಎರಡು ಬೆಳೆ. ಕಾಶ್ಮೀರದಲ್ಲಿ ಒಂದೇ ಬೆಳೆ ಕೊಡುವ ಗಿಡ ಇಲ್ಲಿ ಎರಡು ಸಲ ಕಾಯಿ ಬಿಡುತ್ತೆ! ಬರೆದವರು ಎಚ್.ಸಿ. ಜವರಾಯ, ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದವರು. ಅವರ ಹಿಂದೆ ಹೋದರೆ ಅವರ ಗುರು ಸಿಗುತ್ತಾರೆ. ನಮ್ಮೂರಿನ ರಸ್ತೆಯೊಂದಕ್ಕೆ ಹೆಸರು ಕೊಟ್ಟ, ಆದರೆ ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೂ ಸರಿಯಾಗಿ ಗೊತ್ತಿರದ ಜರ್ಮನ್ ಮನುಷ್ಯ, ಗುಸ್ತಾವ್ ಹರ್ಮನ್ ಕೃಂಬಿಗಲ್.

ನಾನು ಚಾಮರಾಜಪೇಟೆಯಲ್ಲಿ ಬೆಳೆದವನು. ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯ ಬೋರ್ಡನ್ನ ಚಿಕ್ಕಂದಿನಿಂದ ಓದುತ್ತಾ ಬಂದಿದ್ದೇನೆ. ಯಾರೋ ಬ್ರಿಟಿಷ್ ಕರ್ನಲ್ ಇರಬೇಕು ಅಂದುಕೊಂಡಿದ್ದೆ. ಬ್ರಿಟಿಷರೇ ಅವರನ್ನ ಶತ್ರು ಅಂತ ಹಿಡಿದು ಕೂರಿಸಿದ್ದರು ಅಂತ ಗೊತ್ತಾಗಿದ್ದು ಸೇಬು ಹುಡುಕೋಕೆ ಹೊರಟ ಮೇಲೆ.

ಲೋಮೆನ್‌ನಿಂದ ಬರೋಡಾಗೆ

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡನ್ ನಗರದ ಬಳಿಯ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆ ಕಲಿತದ್ದು ಹತ್ತಿರದ ಪಿಲ್ನಿಟ್ಸ್‌ನಲ್ಲಿ. ಸ್ಯಾಕ್ಸನಿಯ ಅರಸರ ಅರಮನೆ ಉದ್ಯಾನ ಇದ್ದ ಊರು ಅದು. ಹೊಸ ಸೇಬಿನ ತಳಿಗಳನ್ನು ರೂಪಿಸುವ ಕೆಲಸಕ್ಕೆ ಆಮೇಲೆ ಅದೇ ಊರು ಹೆಸರಾಯಿತು. ಇವತ್ತು ಯುರೋಪಿನ ಅಂಗಡಿಗಳಲ್ಲಿ ಸಿಗುವ ‘ಪಿನೋವಾ’ ಹುಟ್ಟಿದ್ದು ಅಲ್ಲೇ. ಅಂದರೆ ಸೇಬಿಗೆ ಏನು ಬೇಕು ಅಂತ ಬಲ್ಲ ಸೀಮೆಯಿಂದ ಬಂದ ಹುಡುಗ ಈತ.

1884ರಲ್ಲಿ ಶ್ವೆರಿನ್‌ನಲ್ಲಿ ಕೆಲಸ, ಆಮೇಲೆ ಹ್ಯಾಂಬರ್ಗ್. 1888ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ವಿನ್ಯಾಸ ಮಾಡಿದರು. ಅಲ್ಲಿಂದ ಕ್ಯೂ ಉದ್ಯಾನ. ಕ್ಯೂ ಅಂದರೆ ಬರೀ ಚೆಂದದ ತೋಟ ಅಲ್ಲ. ಯಾವ ವಸಾಹತಿನ ಯಾವ ಗಿಡವನ್ನು ಇನ್ನಾವ ವಸಾಹತಿನಲ್ಲಿ ಬೆಳೆಸಿದರೆ ಸಾಮ್ರಾಜ್ಯಕ್ಕೆ ಲಾಭ ಅಂತ ಲೆಕ್ಕ ಹಾಕುತ್ತಿದ್ದ ಜಾಗ. ರಬ್ಬರ್ ಬ್ರೆಜಿಲ್‌ನಿಂದ ಏಷ್ಯಾಕ್ಕೆ ಬಂದಿದ್ದು, ಸಿಂಕೋನಾ ದಕ್ಷಿಣ ಅಮೆರಿಕದಿಂದ ನೀಲಗಿರಿಗೆ ಬಂದಿದ್ದು ಕ್ಯೂ ಮೂಲಕವೇ. ಗಿಡದ ರಾಜಕೀಯವನ್ನ ಕೃಂಬಿಗಲ್ ಕಲಿತಿದ್ದರೆ ಅಲ್ಲೇ ಕಲಿತಿರಬೇಕು.

1893ರಲ್ಲಿ ಭಾರತಕ್ಕೆ ಬಂದರು. ಕೆಲಸ ಕೊಟ್ಟವರು ಬರೋಡಾದ ಮೂರನೇ ಸಯಾಜಿರಾವ್ ಗಾಯಕವಾಡ್. ಹೌದು, ಮುಂದೆ ಯುವಕ ಅಂಬೇಡ್ಕರರಿಗೆ ವಿದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟ ಅದೇ ಸಯಾಜಿರಾವ್. ಬರೋಡಾದ ಉದ್ಯಾನಗಳು ಅವರ ಕೈಯಲ್ಲಿ ಸುಮಾರು ಹದಿನೈದು ವರ್ಷ ಇದ್ದವು. ಮಹಾರಾಜರ ಊಟಿಯ ಬೇಸಿಗೆ ಅರಮನೆಯ ತೋಟವನ್ನೂ ನೋಡಿಕೊಂಡರು. ಬಿಸಿಲೂರು, ಚಳಿಯೂರು ಎರಡೂ ಒಂದೇ ಕೆಲಸದಲ್ಲಿ ಅನುಭವಕ್ಕೆ ಬಂತು.

1908ರ ಬೆಂಗಳೂರು

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ಕರೆಸಿಕೊಂಡರು. 1908ರಲ್ಲಿ ಲಾಲ್‌ಬಾಗಿನ ಹೊಣೆ ಕೃಂಬಿಗಲ್‌ಗೆ ಬಂತು. ಅವರಿಗಿಂತ ಮುಂಚೆ 1874ರಿಂದ ಆ ಜಾಗದಲ್ಲಿದ್ದವರು ಜಾನ್ ಕ್ಯಾಮರಾನ್. ನಾವು ಸಾಂಬಾರಿಗೆ ಹಾಕುವ ಸೀಮೆಬದನೆಯನ್ನು ಬೆಂಗಳೂರಿಗೆ ತಂದವರು ಅವರೇ ಅಂತ ಹೇಳುತ್ತಾರೆ. ಅದಕ್ಕೂ ಹಿಂದೆ ಹೋದರೆ 1760ರಲ್ಲಿ ತೋಟ ಶುರು ಮಾಡಿದ ಹೈದರಾಲಿ, ದೂರದ ದೇಶಗಳಿಂದ ಗಿಡ ತರಿಸಿದ ಟಿಪ್ಪು. ಅಂದರೆ ಲಾಲ್‌ಬಾಗ್ ಯಾವತ್ತೂ ಬರೀ ಒಳಗಿನ ಗಿಡಗಳ ತೋಟ ಆಗಿರಲಿಲ್ಲ. ಹೊರಗಿನದ್ದನ್ನು ಒಳಗಿನದ್ದು ಮಾಡೋಕಂತಲೇ ಹುಟ್ಟಿದ ಜಾಗ ಅದು.

ಆ ಹೊತ್ತಿನ ಬೆಂಗಳೂರು ಹೇಗಿತ್ತು ಅಂತ ಸ್ವಲ್ಪ ಊಹಿಸಿಕೊಳ್ಳಿ. ಚಾಮರಾಜಪೇಟೆ 1892ರಲ್ಲಿ ಆದದ್ದು. 1898ರಲ್ಲಿ ಪ್ಲೇಗ್ ಬಂದು ಹಳೇ ಪೇಟೆಯ ಜನ ಊರಾಚೆಗೆ ಓಡಿದ ಮೇಲೆ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಅಗಲವಾದ ರಸ್ತೆ, ಮನೆ ಸುತ್ತ ಕಾಂಪೌಂಡು, ಹಿತ್ತಲು. ಆದರೆ ಹೊಸ ರಸ್ತೆ ಅಂದರೆ ಬೋಳು ರಸ್ತೆ. ಅಂಥ ಊರಿಗೆ ಸಾಲುಮರದ ಯೋಚನೆ ಇಟ್ಟುಕೊಂಡ ಮನುಷ್ಯ ಬಂದಿಳಿದ.

ಇನ್ನೊಂದು ವಿಷಯವನ್ನೂ ಮರೆಯಬಾರದು. ಒಳಗಿನವರು, ಹೊರಗಿನವರು ಅನ್ನೋ ಜಗಳ ಆಗಲೇ ಮೈಸೂರು ಸಂಸ್ಥಾನದಲ್ಲಿ ಜೋರಾಗಿತ್ತು. ಮದರಾಸಿನಿಂದ ಬಂದ ಅಧಿಕಾರಿಗಳು ದೊಡ್ಡ ಹುದ್ದೆಗಳನ್ನೆಲ್ಲ ಹಿಡಿದಿದ್ದಾರೆ, ಮೈಸೂರು ಮೈಸೂರಿನವರಿಗೆ ಇರಬೇಕು ಅನ್ನೋ ಕೂಗು ಹಳೆಯದು. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲೆಲ್ಲಿ ಅನ್ನೋ ಪ್ರಶ್ನೆಗೆ 1918ರಲ್ಲಿ ಮಿಲ್ಲರ್ ಸಮಿತಿಯೇ ಕೂತಿತು. ಇವತ್ತು ನಾವು ಕೇಳುತ್ತಿರುವ ಪ್ರಶ್ನೆಗಳಿಗೆ ಈ ಊರಿನಲ್ಲಿ ನೂರು ವರ್ಷದ ವಯಸ್ಸಾಗಿದೆ. ಅವನ್ನು ಕೇಳಿದವರು ದಡ್ಡರಲ್ಲ. ಕೆಲಸ, ಅಧಿಕಾರ, ಭೂಮಿ ಯಾರ ಕೈಗೆ ಹೋಗುತ್ತೆ ಅನ್ನೋದು ನ್ಯಾಯವಾದ ಪ್ರಶ್ನೆಯೇ. ಕೃಂಬಿಗಲ್ ಕತೆ ಆ ಪ್ರಶ್ನೆಯನ್ನ ಅಳಿಸಿಹಾಕಲ್ಲ. ಇನ್ನೊಂದು ಪ್ರಶ್ನೆಯನ್ನ ಅದರ ಪಕ್ಕ ಇಡುತ್ತೆ. ಬಂದವರು ಬಂದಮೇಲೆ ಏನು ಮಾಡಿದರು?

ವರ್ಷವಿಡೀ ಹೂವು

ಕೃಂಬಿಗಲ್ ಹುದ್ದೆಯಲ್ಲಿ ಆರ್ಥಿಕ ಸಸ್ಯವಿಜ್ಞಾನಿ ಅನ್ನೋ ಪದವೂ ಸೇರಿತ್ತು. ಯಾವ ಬೆಳೆ ರೈತನಿಗೆ ದುಡ್ಡು ತರುತ್ತೆ, ಯಾವುದು ಇಲ್ಲಿ ಬದುಕುತ್ತೆ ಅಂತ ಬೆಳೆಸಿ ನೋಡೋದು ಅವರ ಕೆಲಸ. ಹೊರದೇಶಗಳ ಉದ್ಯಾನಗಳ ಜೊತೆ ಬೀಜ ವಿನಿಮಯ ಮಾಡಿಕೊಂಡರು. ಅವರು ತರಿಸಿ ಬೆಳೆಸಿದ್ದರ ಪಟ್ಟಿಯಲ್ಲಿ ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ, ದಕ್ಷಿಣ ಅಮೆರಿಕದ ಫೀಜೋವಾ ಹಣ್ಣು, ಕ್ಯಾರೋಬ್ ಮರ ಎಲ್ಲ ಇವೆ. ಇವುಗಳಲ್ಲಿ ಕೆಲವು ಇವತ್ತು ನಮ್ಮ ಹೊಲದ ಸಾಮಾನ್ಯ ಬೆಳೆ. ಸೂರ್ಯಕಾಂತಿ, ಮೆಕ್ಕೆಜೋಳ ಹೊರಗಿನವು ಅಂತ ಉತ್ತರ ಕರ್ನಾಟಕದ ಯಾವ ರೈತನೂ ಈಗ ಹೇಳಲ್ಲ. ಫೀಜೋವಾ ಹೆಸರು ಕೇಳಿದವರು ಮಾತ್ರ ನಮ್ಮಲ್ಲಿ ಎಷ್ಟು ಜನ ಇದ್ದಾರೆ? ತಂದಿದ್ದೆಲ್ಲ ಬೇರೂರಲ್ಲ. ಯಾವುದು ಉಳಿಯುತ್ತೆ ಅಂತ ಮೊದಲೇ ಗೊತ್ತಾಗುವ ದಾರಿಯೂ ಇಲ್ಲ. ನೆಟ್ಟು, ಕಾದು, ಬರೆದಿಟ್ಟುಕೊಂಡೇ ನೋಡಬೇಕು.

ಸೋಲೋಕೆ ಸರ್ಕಾರ ದುಡ್ಡು ಕೊಡುತ್ತಿತ್ತು ಅನ್ನೋದು ನನಗೆ ಇಲ್ಲಿ ಮುಖ್ಯ ಅನಿಸುತ್ತೆ. ಹತ್ತು ಗಿಡ ನೆಟ್ಟರೆ ಏಳು ಸಾಯಬಹುದು. ಆ ಏಳರ ನಷ್ಟವನ್ನು ಸಾರ್ವಜನಿಕ ಸಂಸ್ಥೆ ಹೊತ್ತರೆ ರೈತ ಉಳಿದ ಮೂರನ್ನು ಧೈರ್ಯವಾಗಿ ಬೆಳೆಯಬಹುದು. ಈಗ ಆ ಏಳನ್ನೂ ರೈತನೇ ಹೊರಬೇಕು. ನನ್ನ ಆರು ಸಸಿಗಳ ನಷ್ಟ ನನ್ನದೇ. ನನಗೆ ಬೇರೆ ಸಂಬಳ ಇದೆ, ತಡೀತೀನಿ. ಹೊಲವನ್ನೇ ನಂಬಿದವನು ಹೇಗೆ ತಡೀತಾನೆ?

1912ರಲ್ಲಿ ಕೃಂಬಿಗಲ್ ಮುಂದಾಳತ್ವದಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಇವತ್ತು ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ಲಾಲ್‌ಬಾಗಿನ ಗಾಜಿನಮನೆಯಲ್ಲಿ ನಾವು ನೂಕುನುಗ್ಗಲಿನಲ್ಲಿ ನೋಡುವ ಫಲಪುಷ್ಪ ಪ್ರದರ್ಶನದ ಬೇರು ಆ ಸಂಘದಲ್ಲಿದೆ. ಆ ಗಾಜಿನಮನೆಗೆ ಅಡಿಗಲ್ಲು ಬಿದ್ದಿದ್ದು ಕ್ಯಾಮರಾನ್ ಕಾಲದಲ್ಲಿ, 1889ರಲ್ಲಿ.

ಆದರೆ ಬೆಂಗಳೂರಿಗರಿಗೆ ಕೃಂಬಿಗಲ್ ನೆನಪಾಗಬೇಕಾದದ್ದು ಇನ್ನೊಂದಕ್ಕೆ. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರಿನಲ್ಲಿ ಎಲ್ಲಾದರೂ ಹೂ ಇರಬೇಕು. ಸಾಲುಮರಗಳನ್ನು ಹಾಗೆ ಆಯ್ದು ನೆಡುವ ಯೋಚನೆ ಅವರದ್ದು. ಅವರೂ ಅವರ ಹಿಂದುಮುಂದಿನವರೂ ಸೇರಿ ಆ ಕ್ರಮವನ್ನು ಬೆಳೆಸಿದರು. ಜನವರಿ, ಫೆಬ್ರವರಿಯಲ್ಲಿ ಗುಲಾಬಿ ಬಣ್ಣದ ಟಬೂಬಿಯಾ, ಮಾರ್ಚಿನಲ್ಲಿ ನೀಲಿ ಜಕರಾಂಡ, ಏಪ್ರಿಲ್ಲಿನಲ್ಲಿ ಹೊಂಗೆ, ಮೇ ತಿಂಗಳಲ್ಲಿ ಗುಲ್‌ಮೊಹರ್. ಇದರಲ್ಲಿ ಹೊಂಗೆ ನಮ್ಮದು. ಟಬೂಬಿಯಾ, ಜಕರಾಂಡ ದಕ್ಷಿಣ ಅಮೆರಿಕದ ಕಡೆಯವು. ಗುಲ್‌ಮೊಹರ್ ಮಡಗಾಸ್ಕರ್‌ನದ್ದು. ಯುಗಾದಿ ಹೊತ್ತಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ನಮ್ಮ ಬೆಂಗಳೂರು ಅಂತ ನಾವು ಹಾಕುವ ಫೋಟೋದಲ್ಲಿರುವ ಮರಕ್ಕೆ ಆಧಾರ್ ಕಾರ್ಡ್ ಕೇಳಿದರೆ ಕಷ್ಟ ಆಗುತ್ತೆ.

ಮಿರ್ಜಾ ಇಸ್ಮಾಯಿಲ್ 1926ರಲ್ಲಿ ದಿವಾನರಾದ ಮೇಲೆ ಕೃಂಬಿಗಲ್ ಕೆಲಸ ಇನ್ನೂ ಹಿಗ್ಗಿತು. ಕನ್ನಂಬಾಡಿಯ ಬೃಂದಾವನದ ಯೋಜನೆಯಲ್ಲೂ ಅವರ ಕೈ ಇತ್ತು.

ಶತ್ರು ದೇಶದವನು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಕೃಂಬಿಗಲ್ ಭಾರತಕ್ಕೆ ಬಂದು ಆಗಲೇ 21 ವರ್ಷ. ಆದರೆ ಯುದ್ಧಕ್ಕೆ ಬೇಕಾಗಿದ್ದು ಪಾಸ್‌ಪೋರ್ಟ್ ಮಾತ್ರ. ಜರ್ಮನ್ ಆದ್ದರಿಂದ ಬ್ರಿಟಿಷರ ಕಣ್ಣಿಗೆ ಶತ್ರು. ಇತರ ಜರ್ಮನರ ಜೊತೆ ಅವರನ್ನೂ ಬಂಧನದಲ್ಲಿಟ್ಟರು. ಯುದ್ಧ ಮುಗಿಯಿತು, ಕೆಲಸ ಮುಂದುವರಿಯಿತು. 1932ರಲ್ಲಿ ನಿವೃತ್ತಿ ಆಯಿತು. ಊರು ಬಿಟ್ಟು ಹೋಗಲಿಲ್ಲ. 1939ರಲ್ಲಿ ಎರಡನೇ ಮಹಾಯುದ್ಧ ಬಂದಾಗ ಅವರಿಗೆ 73 ವರ್ಷ. ಮತ್ತೆ ಅದೇ ಹಣೆಪಟ್ಟಿ, ಮತ್ತೆ ಬಂಧನ. ತಾನು ನೆಟ್ಟ ಮರಗಳು ನೆರಳು ಕೊಡುತ್ತಿದ್ದ ಊರಿನಲ್ಲೇ ಮನುಷ್ಯ ಹೊರಗಿನವನಾದ.

ಇದನ್ನ ಓದುವಾಗ ನನಗೆ ಹಿಮಾಚಲದ ಇನ್ನೊಬ್ಬ ಮನುಷ್ಯ ನೆನಪಾದ. ಸ್ಯಾಮ್ಯುಯೆಲ್ ಸ್ಟೋಕ್ಸ್ ಅಂತ ಅಮೆರಿಕದವರು. 1904ರಲ್ಲಿ ಭಾರತಕ್ಕೆ ಬಂದು ಕೋಟಗಢದಲ್ಲಿ ನೆಲೆಸಿ, ಅಮೆರಿಕದಿಂದ ಸೇಬಿನ ಸಸಿ ತರಿಸಿ ನೆಟ್ಟರು. ಇವತ್ತಿನ ಹಿಮಾಚಲದ ಸೇಬಿನ ಬದುಕು ನಿಂತಿರೋದು ಅದರ ಮೇಲೆ. ಸ್ವಾತಂತ್ರ್ಯ ಚಳವಳಿಗೆ ಇಳಿದಿದ್ದಕ್ಕೆ ಅವರನ್ನೂ ಬ್ರಿಟಿಷರು ಜೈಲಿಗೆ ಹಾಕಿದರು. ಒಬ್ಬರನ್ನ ಹಿಡಿದಿದ್ದು ಅವರು ಮಾಡಿದ ರಾಜಕೀಯಕ್ಕೆ. ಇನ್ನೊಬ್ಬರನ್ನ ಹಿಡಿದಿದ್ದು ಅವರು ಹುಟ್ಟಿದ ದೇಶಕ್ಕೆ. ಎರಡನೆಯದೇ ಹೆಚ್ಚು ಕ್ರೂರ ಅಂತ ನನಗನಿಸುತ್ತೆ, ಯಾಕಂದರೆ ಅದಕ್ಕೆ ವಾದವೇ ಇಲ್ಲ. ನೀನು ಏನು ಮಾಡಿದೆ ಅಂತ ಯಾರೂ ಕೇಳೋದೇ ಇಲ್ಲ.

ಶಿಷ್ಯನ ಸೇಬು

ಈಗ ಸೇಬಿಗೆ ಬರೋಣ. ಸೇಬಿನ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಸುಮಾರು 7 ಡಿಗ್ರಿಗಿಂತ ಕಡಿಮೆ ಚಳಿ ಇರುವ ಗಂಟೆಗಳನ್ನ ಅದು ಎಣಿಸಿಕೊಳ್ಳುತ್ತೆ ಅಂತಿಟ್ಟುಕೊಳ್ಳಿ. ಮಾಮೂಲಿ ತಳಿಗಳಿಗೆ ಅಂಥ ಸಾವಿರದ ಹತ್ತಿರ ಗಂಟೆ ಬೇಕು. ಲೆಕ್ಕ ತುಂಬಿದರೆ ಮಾತ್ರ ವಸಂತದಲ್ಲಿ ಮೊಗ್ಗು ಒಡೆಯುತ್ತೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ. ಅಂದರೆ ಸೇಬು ಎಣಿಸುವ ಒಂದೇ ಒಂದು ಗಂಟೆಯನ್ನೂ ಈ ಊರು ಕೊಟ್ಟ ದಾಖಲೆ ಇಲ್ಲ. ಚಿಕ್ಕಪ್ಪ ಹೇಳಿದ್ದು ಪುಸ್ತಕದ ಪ್ರಕಾರ ನೂರಕ್ಕೆ ನೂರು ಸರಿ.

ಕೃಂಬಿಗಲ್ ಕೈಕೆಳಗೆ ಪಳಗಿ, ಕ್ಯೂನಲ್ಲೂ ತರಬೇತಿ ಪಡೆದು ಬಂದ ಎಚ್.ಸಿ. ಜವರಾಯ 1932ರಲ್ಲಿ ಗುರುವಿನ ಜಾಗಕ್ಕೆ ಬಂದರು. ಲಾಲ್‌ಬಾಗನ್ನು ನಡೆಸಿದ ಮೊದಲ ಭಾರತೀಯ ಅಂತ ಅವರನ್ನು ಗುರುತಿಸುತ್ತಾರೆ. ರೋಮ್ ಬ್ಯೂಟಿ ಅನ್ನೋ ಸೇಬಿನ ತಳಿಯನ್ನು ಬೆಂಗಳೂರಿನಲ್ಲಿ ಬೆಳೆಸಿದ ಹಿರಿಮೆಯೂ ಅವರಿಗೇ ಸಲ್ಲುತ್ತೆ. ಪುಸ್ತಕ ಆಗಲ್ಲ ಅಂದ ಕಡೆ ಅವರು ವರ್ಷಕ್ಕೆ ಎರಡು ಬೆಳೆಯ ಬಗ್ಗೆ ಬರೆದರು.

ಇದರ ಗುಟ್ಟು ಏನು? ಉಷ್ಣವಲಯದಲ್ಲಿ ಸೇಬು ಬೆಳೆಯುವ ಎಲ್ಲ ಕಡೆ ತತ್ವ ಒಂದೇ. ಮರ ಗಾಢ ನಿದ್ದೆಗೆ ಜಾರಿದ ಮೇಲೆ ಅದನ್ನ ಎಬ್ಬಿಸೋಕೆ ಚಳಿ ಬೇಕು. ಹಾಗಾಗಿ ನಿದ್ದೆಗೆ ಜಾರೋಕೆ ಬಿಡಬಾರದು. ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿ ಬಾಟು ಅನ್ನೋ ಊರಿದೆ. ಅಲ್ಲಿ ರೈತರು ಕೊಯ್ಲಾದ ಸ್ವಲ್ಪ ದಿನಕ್ಕೆ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಎಲೆ ಹೋದದ್ದೇ ತಡ, ಒಳಗೆ ಕಾದಿದ್ದ ಮೊಗ್ಗುಗಳು ಒಡೆಯುತ್ತವೆ. ಹೀಗೆ ವರ್ಷಕ್ಕೆ ಎರಡು ಬೆಳೆ. ಅಲ್ಲಿ ಹೆಸರಾದ ಹಳೇ ತಳಿ ಯಾವುದು ಗೊತ್ತಾ? ಅದೇ ರೋಮ್ ಬ್ಯೂಟಿ.

ಆ ರೋಮ್ ಬ್ಯೂಟಿಯ ಹುಟ್ಟೂ ಒಂದು ಕತೆ. ಹೆಸರಲ್ಲಿರುವ ರೋಮ್ ಇಟಲಿಯದ್ದಲ್ಲ, ಅಮೆರಿಕದ ಒಹಾಯೊ ರಾಜ್ಯದ ಒಂದು ಹಳ್ಳಿಗಾಡು. 1817ರಲ್ಲಿ ಅಲ್ಲಿನ ಜೋಯಲ್ ಗಿಲೆಟ್ ಎಂಬ ರೈತ ಕೊಂಡು ತಂದ ಸಸಿಗಳಲ್ಲಿ ಒಂದು ಸರಿ ಇರಲಿಲ್ಲ. ಕಸಿ ಕಟ್ಟಿದ ಭಾಗ ಬಿಟ್ಟು ಕೆಳಗಿನ ಬೇರುಗಿಡದಿಂದ ಚಿಗುರು ಎದ್ದಿತ್ತು. ಅಂಥದ್ದನ್ನ ಕಿತ್ತೆಸೆಯೋದೇ ವಾಡಿಕೆ. ಅದನ್ನ ಮಗನಿಗೆ ಕೊಟ್ಟರು, ಮಗ ನದಿ ದಡದಲ್ಲಿ ನೆಟ್ಟ. ಅದರಲ್ಲಿ ಬಂದ ದೊಡ್ಡ ಕೆಂಪು ಹಣ್ಣೇ ಜಗತ್ತೆಲ್ಲ ಹರಡಿತು. ಸೇಬಿನ ಬೀಜ ಬಿತ್ತಿದರೆ ಅದೇ ತಳಿ ಬರಲ್ಲ, ಕಸಿಯೇ ಆಗಬೇಕು. ಹಾಗಾಗಿ ಬಾಟುವಿನಲ್ಲಾಗಲಿ, ಬೆಂಗಳೂರಿನಲ್ಲಾಗಲಿ ಬೆಳೆದ ಪ್ರತಿ ರೋಮ್ ಬ್ಯೂಟಿಯೂ ಆ ಎಸೆಯಬೇಕಿದ್ದ ಚಿಗುರಿನದೇ ತುಂಡು.

ಇನ್ನೂ ಹಿಂದೆ ಹೋದರೆ ಸೇಬಿನ ತವರು ಮಧ್ಯ ಏಷ್ಯಾದ ಕಜಕಸ್ತಾನದ ಬೆಟ್ಟಗಳು. ಕಾಶ್ಮೀರಕ್ಕೂ ಅದು ಒಂದು ಕಾಲಕ್ಕೆ ಹೊರಗಿನದ್ದೇ.

ಬೋರ್ಡಿನಲ್ಲಿ ಇಲ್ಲದ ಹೆಸರುಗಳು

ಇಷ್ಟು ಬರೆದ ಮೇಲೆ ಒಂದು ಅಪಾಯ ಇದೆ. ಒಬ್ಬ ಬಿಳಿ ಮನುಷ್ಯ ಬಂದು ನಮಗೆ ಊರು ಕಟ್ಟಿಕೊಟ್ಟ ಅನ್ನೋ ಹಳೇ ರಾಗಕ್ಕೆ ಇದು ಸೇರಿಬಿಡಬಹುದು. ಅದು ನಿಜ ಅಲ್ಲ. ಗುಂಡಿ ತೋಡಿದ, ನೀರು ಹೊತ್ತ, ಕಸಿ ಕಟ್ಟಿದ ಕೈಗಳು ಯಾರವು? ಬೆಂಗಳೂರಿನ ಕೆರೆಗಳ ಕೆಳಗೆ ಹೂವು, ತರಕಾರಿ, ಹಣ್ಣಿನ ತೋಟ ಮಾಡಿಕೊಂಡು ಬಂದ ತಿಗಳರು ಈ ಊರಿನ ಮೂಲ ತೋಟಗಾರರು. ಕರಗ ಹೊರುವ ಸಮುದಾಯ ಅದು. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿ ಇವತ್ತಿಗೂ ಸಾಲಾಗಿ ನರ್ಸರಿಗಳಿವೆ. ಕೃಂಬಿಗಲ್‌ಗೆ ಕ್ಯೂ ಗೊತ್ತಿತ್ತು, ಬರೋಡಾ ಗೊತ್ತಿತ್ತು. ಇಲ್ಲಿನ ಕೆಂಪು ಮಣ್ಣು ಮೊದಲ ಮಳೆಗೆ ಹೇಗೆ ಗಟ್ಟಿಯಾಗುತ್ತೆ, ಯಾವ ತಿಂಗಳ ಗಾಳಿಗೆ ಹೂ ಉದುರುತ್ತೆ ಅಂತ ಗೊತ್ತಿದ್ದವರು ಇಲ್ಲಿನ ಮಾಲಿಗಳು. ಅವರ ಹೆಸರಿನ ರಸ್ತೆ ನಾನು ಕಂಡಿಲ್ಲ.

ಇನ್ನೊಂದನ್ನೂ ಹೇಳಬೇಕು. ಹೂಮರದ ಸಾಲುಗಳ ನೆರಳು ಮೊದಲು ಬಿದ್ದಿದ್ದು ಅಗಲ ರಸ್ತೆಯ ಹೊಸ ಬಡಾವಣೆಗಳ ಮೇಲೆ. ಇಕ್ಕಟ್ಟಾದ ಪೇಟೆಯ ಗಲ್ಲಿಗಳಲ್ಲಿ ಮರ ನೆಡೋಕೆ ಜಾಗವೇ ಇರಲಿಲ್ಲ. ಯಾರ ಮನೆ ಮುಂದೆ ಜಕರಾಂಡ ಅರಳುತ್ತೆ, ಯಾರ ಮನೆ ಮುಂದೆ ಚರಂಡಿ ಹರಿಯುತ್ತೆ ಅನ್ನೋದು ಆಗಲೂ ವರ್ಗದ, ಜಾತಿಯ ಪ್ರಶ್ನೆಯೇ. ಇವನ್ನೆಲ್ಲ ಹೇಳಿಯೂ ಕೃಂಬಿಗಲ್ ಕೆಲಸ ದೊಡ್ಡದೇ ಅನ್ನೋದು ನನ್ನ ಅಭಿಪ್ರಾಯ. ಮರದ ನೆರಳು ಸಾರ್ವಜನಿಕ ರಸ್ತೆಯಲ್ಲಿತ್ತು, ಗೇಟಿನ ಒಳಗಿರಲಿಲ್ಲ. ನಡೆದುಹೋಗುವ ಯಾರಿಗೂ ಸಿಗುತ್ತಿತ್ತು. ಇವತ್ತು ಹಸಿರು ಅಂದರೆ ಗೇಟೆಡ್ ಕಮ್ಯುನಿಟಿಯ ಜಾಹೀರಾತು. ಆಗ ಅದು ಸರ್ಕಾರದ ಕೆಲಸ ಆಗಿತ್ತು.

ತನ್ನ ಜಾಗಕ್ಕೆ ಇಲ್ಲಿನವನೊಬ್ಬ ಬರುವಂತೆ ತಯಾರು ಮಾಡಿದ್ದು ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು. ಹೊರಗಿನಿಂದ ಬಂದ ಅಧಿಕಾರಿ ಕಲಿತದ್ದನ್ನ ಬಚ್ಚಿಟ್ಟುಕೊಂಡು ಹುದ್ದೆಗೆ ಅಂಟಿಕೊಳ್ಳಬಹುದು, ಇಲ್ಲ ಕಲಿಸಿ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯಬಹುದು. ಜವರಾಯರ ನಂತರ 1951ರಲ್ಲಿ ಬಂದ ಎಂ.ಎಚ್. ಮರಿಗೌಡರು ತೋಟಗಾರಿಕೆಯನ್ನ ಅರಮನೆಯ ಅಂಗಳದಿಂದ ರೈತನ ಹೊಲಕ್ಕೆ ಒಯ್ದರು. ನಾವು ಹಣ್ಣು ಕೊಳ್ಳುವ ಹಾಪ್‌ಕಾಮ್ಸ್ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅವರ ಕಾಲದಲ್ಲೇ. ಒಬ್ಬರ ಮೇಲೊಬ್ಬರು ಕಸಿಯಾದ ಹಾಗೆ.

ಉಳಿದದ್ದು, ಬಿದ್ದದ್ದು

ಕೃಂಬಿಗಲ್ 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲೇ ತೀರಿಕೊಂಡರು. 90 ವರ್ಷ. ಕನ್ನಡ ಸೀಮೆಗಳೆಲ್ಲ ಸೇರಿ ಒಂದು ರಾಜ್ಯ ಆಗೋಕೆ ಇನ್ನು ಒಂಬತ್ತು ತಿಂಗಳೂ ಇರಲಿಲ್ಲ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಈ ದೇಶದಲ್ಲಿ 63 ವರ್ಷ ಬದುಕಿದ್ದರು. ಜರ್ಮನಿಯಲ್ಲಿ ಬದುಕಿದ್ದು 23 ವರ್ಷಕ್ಕಿಂತ ಕಡಿಮೆ.

ಲಾಲ್‌ಬಾಗಿನಲ್ಲಿ ಅವರ ಹೆಸರು ಹೊತ್ತಿದ್ದ ಕೃಂಬಿಗಲ್ ಹಾಲ್ ದುರಸ್ತಿ ಕಾಣದೆ ನಿಂತು ನಿಂತು 2017ರಲ್ಲಿ ಕುಸಿದುಬಿತ್ತು. 2025ರಲ್ಲಿ ಸುರಂಗ ರಸ್ತೆಗಾಗಿ ಲಾಲ್‌ಬಾಗಿನ ಜಾಗ ತೆಗೆದುಕೊಳ್ಳುವ ಮಾತು ಬಂದಾಗ ಬೆಂಗಳೂರಿಗರು ಪ್ರತಿಭಟನೆಗೆ ಇಳಿದರು. ಆ ಗುಂಪಿನಲ್ಲಿ ನಾನೂ ಇದ್ದೆ. ನನ್ನ ಒಂದು ಪಕ್ಕ ಬಸವನಗುಡಿಯ ಹಿರಿಯರು, ಇನ್ನೊಂದು ಪಕ್ಕ ಹಿಂದಿಯಲ್ಲಿ ಮಾತಾಡುವ ಇಬ್ಬರು ಹುಡುಗಿಯರು. ಅವರ ಕೈಯಲ್ಲಿ ತಪ್ಪುತಪ್ಪಾಗಿ ಬರೆದ ಕನ್ನಡದ ಫಲಕ. ಒತ್ತಕ್ಷರ ಒಂದು ಕೈತಪ್ಪಿತ್ತು. ಹಿರಿಯರೊಬ್ಬರು ಪೆನ್ನು ತೆಗೆದು ತಿದ್ದಿಕೊಟ್ಟರು, ಹುಡುಗಿಯರು ಜೋರಾಗಿ ಓದಿ ತೋರಿಸಿದರು. ಮೊಬೈಲಿನಲ್ಲಿ ನೋಡಿದ ಜಗಳದಲ್ಲಿ ಇಂಥವರು ಯಾಕೋ ಕಾಣಲೇ ಇಲ್ಲ.

ಇನ್ನು ನನ್ನ ಸಸಿಗಳು. ಆರರಲ್ಲಿ ಎರಡು ಸತ್ತವು. ಒಂದು ಗೆದ್ದಲಿಗೆ, ಒಂದು ನನ್ನ ಅತಿ ಪ್ರೀತಿಗೆ, ಅಂದರೆ ಜಾಸ್ತಿ ನೀರಿಗೆ. ಈ ವರ್ಷ ಫೆಬ್ರವರಿಯಲ್ಲಿ ಅನ್ನಾ ಗಿಡವೊಂದು ಹೂ ಬಿಟ್ಟಿತು. ಹನ್ನೊಂದು ಹೂ, ಬಿಳಿ, ಅಂಚಿಗೆ ಗುಲಾಬಿ. ಅನ್ನಾಗೆ ಪರಾಗ ಕೊಡೋಕೆ ಪಕ್ಕದಲ್ಲಿ ಡಾರ್ಸೆಟ್ ಗೋಲ್ಡನ್ ಅದೇ ವಾರ ಅರಳಬೇಕು. ಪುಣ್ಯಕ್ಕೆ ಅರಳಿತು. ಮೂರು ಕಾಯಿ ಕಚ್ಚಿದವು. ಒಂದನ್ನ ಪಿಕಳಾರ ತಿಂದಿತು. ಉಳಿದ ಎರಡು ಯುಗಾದಿ ಹೊತ್ತಿಗೆ ನಿಂಬೆಹಣ್ಣಿನಷ್ಟಾದವು.

ಚಿಕ್ಕಪ್ಪ ಈಗಲೂ ಲೇಔಟಿನ ಮಾತು ಬಿಟ್ಟಿಲ್ಲ. ಆದರೆ ಅವರೇ ಹಳೇ ಸೀರೆಯ ತುಂಡು ತಂದು ಆ ಎರಡು ಕಾಯಿಗೆ ಹಕ್ಕಿ ಮುಟ್ಟದ ಹಾಗೆ ಚೀಲ ಕಟ್ಟಿದ್ದಾರೆ. ಅಪ್ಪ ಹೋದ ವಾರ ಬ್ರೋಕರಿಗೆ ಈ ವರ್ಷ ಬೇಡ ಅಂದರಂತೆ. ಈ ವರ್ಷ ಬೇಡ ಅಂದರೆ ಮುಂದಿನ ವರ್ಷ ಮತ್ತೆ ಕೇಳುತ್ತಾರೆ, ಗೊತ್ತು. ಅಷ್ಟರಲ್ಲಿ ಎಲ್ಲಾದರೂ ಹಳೇ ರೋಮ್ ಬ್ಯೂಟಿಯ ಒಂದು ಕಡ್ಡಿ ಸಿಕ್ಕರೆ ಕಸಿ ಕಟ್ಟಬೇಕು ಅಂತಿದ್ದೀನಿ. ಬೆಂಗಳೂರಿನ ಯಾವುದಾದರೂ ಹಳೇ ಹಿತ್ತಲಿನಲ್ಲಿ, ಯಾರೋ ಹೆಸರು ಮರೆತ ಸೇಬಿನ ಮರ ಇನ್ನೂ ನಿಂತಿದ್ದರೆ, ನಿಮಗೆ ಗೊತ್ತಿದ್ದರೆ, ಕಡಿಯೋಕೆ ಮುಂಚೆ ಒಂದು ಕಡ್ಡಿ ಉಳಿಸಿ.